ಎಲುಬಿಗೂ ಒಂದು ಬ್ಯಾಂಕ್: ಏನಿದು, ಹೇಗೆ ನಡೆಯುತ್ತದೆ, ದವಾಖಾನೆಯವರಿಗೆ ಏನೆಲ್ಲ ಗೊತ್ತಿರಬೇಕು

ಕಲಬುರಗಿಯ ಯಾವುದೇ ದೊಡ್ಡ ದವಾಖಾನೆಯ ಎಲುಬು-ಕೀಲು ವಾರ್ಡಿಗೆ ಹೋಗಿ. ಬೈಕ್ ಆಕ್ಸಿಡೆಂಟ್ ಆಗಿ ಬಂದವರು ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರು ಎರಡನೇ ಆಪರೇಷನ್‌ಗೆ ಬಂದವರು. ಮೊದಲ ಸಲ ರಾಡ್ ಹಾಕಿ ಕಳಿಸಿರುತ್ತಾರೆ. ತಿಂಗಳುಗಟ್ಟಲೆ ಕಾದರೂ ಎಲುಬು ಕೂಡಿರುವುದಿಲ್ಲ. ಆಗ ಡಾಕ್ಟರು ಹೇಳುತ್ತಾರೆ: "ಟೊಂಕದಿಂದ ಸ್ವಲ್ಪ ಎಲುಬು ತೆಗೆದು ಕಾಲಿಗೆ ಹಾಕಬೇಕ್ರಿ." ಮನೆಯವರಿಗೆ ದಿಗಿಲು. ಮುರಿದದ್ದು ಕಾಲು, ಟೊಂಕ ಯಾಕೆ ಕೊಯ್ಯಬೇಕು? ತೆಗೆದ ಜಾಗ ಏನಾಗುತ್ತದೆ? ಬೇರೆಲ್ಲಿಂದಾದರೂ ಎಲುಬು ತರಲು ಬರುವುದಿಲ್ಲವೇ?

ಎಷ್ಟೋ ಸಂದರ್ಭಗಳಲ್ಲಿ ಬರುತ್ತದೆ. ರಕ್ತಕ್ಕೆ, ಕಣ್ಣಿಗೆ ಬ್ಯಾಂಕ್ ಇದೆಯಲ್ವಾ, ಎಲುಬಿಗೂ ಇದೆ. ಒಬ್ಬರ ದೇಹದಿಂದ ತೆಗೆದ ಎಲುಬನ್ನು ಪರೀಕ್ಷೆ ಮಾಡಿ, ಶುದ್ಧ ಮಾಡಿ, ಜೋಪಾನವಾಗಿ ಇಟ್ಟು ಇನ್ನೊಬ್ಬರಿಗೆ ಕೊಡುವ ವ್ಯವಸ್ಥೆ ಅದು. ಇದು ನಡೆಯಬೇಕಾದರೆ ಸರ್ಜನ್‌ನಿಂದ ಹಿಡಿದು ಥಿಯೇಟರ್ ನರ್ಸ್ ತನಕ ಎಲ್ಲರಿಗೂ ಅದರ ಮಾಹಿತಿ ಇರಬೇಕು. ಮಾಹಿತಿ ಇಲ್ಲದ ಕಡೆ ಒಳ್ಳೆಯ ಎಲುಬು ಕಸಕ್ಕೆ ಹೋಗುತ್ತದೆ. ಪಕ್ಕದ ಟೇಬಲ್ಲಿನ ರೋಗಿಗೆ ಎಲುಬಿಗಾಗಿ ಇನ್ನೊಂದು ಗಾಯ ಆಗುತ್ತದೆ. ಬುಡದಿಂದಲೇ ನೋಡೋಣ.

ಮುರಿದ ಎಲುಬು ಕೂಡುವುದು ಹೇಗೆ

ಎಲುಬು ಜೀವ ಇರುವ ಅಂಗ. ಅದರೊಳಗೆ ರಕ್ತನಾಳಗಳಿವೆ. ಹಳೆಯ ಎಲುಬನ್ನು ಕರಗಿಸುವ ಕೋಶಗಳಿವೆ, ಹೊಸದನ್ನು ಕಟ್ಟುವ ಕೋಶಗಳೂ ಇವೆ. ಈ ಎರಡೂ ಕೆಲಸ ಜೀವನಪೂರ್ತಿ ನಡೆದೇ ಇರುತ್ತವೆ. ಎಲುಬು ಮುರಿದಾಗ ಆ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ವಾರಗಳಲ್ಲಿ ಅಲ್ಲಿ ಮೆತ್ತನೆಯ ಗಂಟು ಬೆಳೆಯುತ್ತದೆ. ಅದರಲ್ಲಿ ನಿಧಾನಕ್ಕೆ ಕ್ಯಾಲ್ಸಿಯಂ ತುಂಬಿ ಗಟ್ಟಿಯಾಗುತ್ತದೆ. ಚರ್ಮ ಹರಿದರೆ ಕಲೆ ಉಳಿಯುತ್ತದೆ. ಎಲುಬು ಸರಿಯಾಗಿ ಕೂಡಿದರೆ ಆ ಜಾಗದಲ್ಲಿ ಮತ್ತೆ ಎಲುಬೇ ಬರುತ್ತದೆ.

ಇದಕ್ಕೆ ಆ ಜಾಗಕ್ಕೆ ರಕ್ತ ಹರಿಯಬೇಕು, ಮುರಿದ ತುದಿಗಳು ಜಾಸ್ತಿ ಅಲುಗಾಡಬಾರದು, ಎರಡೂ ತುದಿ ಹತ್ತಿರ ಇರಬೇಕು. ಒಂದು ತಪ್ಪಿದರೂ ಕಷ್ಟ. ನಿಮ್ಮ ಮೊಣಕಾಲಿನಿಂದ ಪಾದದ ತನಕ ಮುಂದುಗಡೆ ಕೈ ಆಡಿಸಿ ನೋಡಿ. ಚರ್ಮದ ಕೆಳಗೇ ಎಲುಬು ಸಿಗುತ್ತದೆ, ನಡುವೆ ಮಾಂಸವೇ ಇಲ್ಲ. ಬೈಕ್ ಬಿದ್ದಾಗ ಈ ಎಲುಬು ಚರ್ಮ ಹರಿದು ಹೊರಗೆ ಬರುವುದು ಅದಕ್ಕೇ. ಅದರ ಕೆಳಭಾಗಕ್ಕೆ ರಕ್ತ ಸಿಗುವುದೂ ಕಡಿಮೆ. ಹಾಗಾಗಿ ಎಲುಬು ಕೂಡದ ಕೇಸುಗಳಲ್ಲಿ ಇದರ ಪಾಲು ದೊಡ್ಡದು. ಬೀಡಿ, ಸಿಗರೇಟು ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಲ್ಲಿ ಕೂಡುವುದು ಇನ್ನೂ ತಡ. ಗಾಯವಾಗಿ 9 ತಿಂಗಳು ಕಳೆದು, ಅದರಲ್ಲಿ ಕೊನೆಯ 3 ತಿಂಗಳು ಎಕ್ಸ್‌ರೇಯಲ್ಲಿ ಯಾವ ಮುನ್ನಡೆಯೂ ಕಾಣದಿದ್ದರೆ ಎಲುಬು ಕೂಡಿಲ್ಲ ಎಂದು ತೀರ್ಮಾನಿಸುವುದು ಬಹುಕಾಲದಿಂದ ಬಂದ ಲೆಕ್ಕ. ಈಗಿನ ಸರ್ಜನ್‌ಗಳು ಕೆಲವು ಸಲ ಅಷ್ಟು ಕಾಯುವುದಿಲ್ಲ.

ಮುರಿಯದೆಯೂ ಎಲುಬಿನಲ್ಲಿ ಖಾಲಿ ಜಾಗ ಆಗುವುದುಂಟು. ಮಕ್ಕಳ ತೋಳಿನ ಎಲುಬಿನೊಳಗೆ ನೀರಿನ ಗುಳ್ಳೆ ಬೆಳೆಯುತ್ತದೆ. ಮೊಣಕಾಲ ಹತ್ತಿರ ಗಡ್ಡೆ ಆಗಿ, ಅದನ್ನು ಕೆರೆದು ತೆಗೆದರೆ ಒಳಗೆ ದೊಡ್ಡ ಪೊಳ್ಳು ಉಳಿಯುತ್ತದೆ. ಬೆನ್ನೆಲುಬಿಗೆ ಟಿಬಿ ಬಂದರೆ ಮಣಿಗಳು ಕರಗಿ ಕುಸಿಯುತ್ತವೆ. ಮೊದಲು ಹಾಕಿದ ಕೃತಕ ಟೊಂಕದ ಕೀಲು ಸಡಿಲಾಗಿ ಸುತ್ತಲಿನ ಎಲುಬು ಸವೆದುಹೋಗುತ್ತದೆ. ಇಂಥ ಕಡೆ ಯಾವುದಾದರೂ ಎಲುಬನ್ನು ತಂದು ತುಂಬಬೇಕು. ಹಾಗೆ ತುಂಬುವ ಎಲುಬಿಗೆ ಗ್ರಾಫ್ಟ್ ಎನ್ನುತ್ತಾರೆ.

ತುಂಬಿದ ಎಲುಬು ಏನು ಮಾಡುತ್ತದೆ

ಹಿತ್ತಲಲ್ಲಿ ಹೀರೇಬಳ್ಳಿ ಬೆಳೆಸುವುದನ್ನು ನೆನೆಸಿಕೊಳ್ಳಿ. ಬೀಜ ಬೇಕು. ಅದು ಮೊಳೆಯಲು ಹದ ಬೇಕು. ಬಳ್ಳಿ ಹಬ್ಬಲು ಚಪ್ಪರ ಬೇಕು. ಗ್ರಾಫ್ಟ್‌ನಿಂದಲೂ ಇವೇ ಮೂರು ಕೆಲಸ ನಿರೀಕ್ಷಿಸುತ್ತಾರೆ. ಎಲುಬು ಕಟ್ಟುವ ಜೀವಂತ ಕೋಶಗಳು ಬೀಜ. ಸುತ್ತಲಿನ ಸುಮ್ಮನಿರುವ ಕೋಶಗಳನ್ನು ಎಬ್ಬಿಸಿ ಎಲುಬು ಕಟ್ಟಲು ಹಚ್ಚುವ ಪ್ರೋಟೀನುಗಳು ಹದ. ಹೊಸ ರಕ್ತನಾಳ, ಹೊಸ ಕೋಶಗಳು ಒಳಗೆ ಹಬ್ಬಲು ದಾರಿ ಕೊಡುವ ಸಣ್ಣ ಸಣ್ಣ ರಂಧ್ರಗಳ ಜಾಲ ಚಪ್ಪರ.

ಇಲ್ಲಿ ಒಂದು ವಿಶೇಷ ಇದೆ. ಎಲುಬಿನ ಚಪ್ಪರ ಹಾಗೇ ಉಳಿಯುವುದಿಲ್ಲ. ದೇಹ ಅದನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ, ಆ ಜಾಗದಲ್ಲಿ ತನ್ನದೇ ಎಲುಬು ಕಟ್ಟುತ್ತಾ ಹೋಗುತ್ತದೆ. ಸಣ್ಣ ಚೂರುಗಳಲ್ಲಿ ಇದು ತಿಂಗಳುಗಳಲ್ಲಿ ನಡೆಯುತ್ತದೆ. ದೊಡ್ಡ ಗಟ್ಟಿ ತುಂಡಾದರೆ ವರ್ಷಗಳು ಹಿಡಿಯುತ್ತವೆ, ಒಳಗಿನ ಭಾಗ ಪೂರ್ತಿ ಬದಲಾಗದೆ ಉಳಿಯುವುದೂ ಇದೆ.

ತನ್ನದೇ ಎಲುಬು, ಇನ್ನೊಬ್ಬರ ಎಲುಬು, ಕೃತಕ ಎಲುಬು

ರೋಗಿಯ ಸ್ವಂತ ಎಲುಬಿನಲ್ಲಿ ಮೂರೂ ಗುಣ ಇವೆ. ಕೋಶಗಳು ಜೀವಂತ ಇರುತ್ತವೆ, ದೇಹ ಅದನ್ನು ಪರಕೀಯ ಎಂದು ದೂಡುವುದಿಲ್ಲ, ಇನ್ನೊಬ್ಬರ ರೋಗ ಬರುವ ಭಯ ಇಲ್ಲ. ಅದಕ್ಕೇ ಇಂದಿಗೂ ಎಲ್ಲ ಗ್ರಾಫ್ಟ್‌ಗಳನ್ನು ಇದರ ಜೊತೆಗೇ ಹೋಲಿಸಿ ನೋಡುತ್ತಾರೆ. ಪ್ಯಾಂಟಿನ ಬೆಲ್ಟ್ ಕಟ್ಟುವ ಕಡೆ ಎರಡೂ ಬದಿಗೆ ಕೈಗೆ ಸಿಗುತ್ತದಲ್ಲ, ಆ ಎಲುಬಿನ ಅಂಚಿನಿಂದಲೇ ಹೆಚ್ಚಾಗಿ ತೆಗೆಯುವುದು. ಅಲ್ಲಿ ಒಳಗೆ ಮೆತ್ತನೆಯ ಎಲುಬು ಚೆನ್ನಾಗಿ ಸಿಗುತ್ತದೆ, ಸ್ವಲ್ಪ ತೆಗೆದರೆ ನಡೆಯಲು ತೊಂದರೆ ಆಗುವುದಿಲ್ಲ.

ಆದರೆ ಅದಕ್ಕೂ ಬೆಲೆ ಇದೆ. ಇನ್ನೊಂದು ಗಾಯ, ಇನ್ನಷ್ಟು ರಕ್ತ, ಆಪರೇಷನ್ ಇನ್ನಷ್ಟು ಹೊತ್ತು. ಕೆಲವರಿಗೆ ಕಾಲಿನ ನೋವು ಹೋದರೂ ಟೊಂಕದ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಪಕ್ಕದಲ್ಲೇ ಹಾಯುವ ನರಕ್ಕೆ ಪೆಟ್ಟಾದರೆ ತೊಡೆಯ ಹೊರಬದಿ ಜೋಮು ಹಿಡಿದಂತೆ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು, ಎಷ್ಟು ಬೇಕೋ ಅಷ್ಟು ಸಿಗುವುದಿಲ್ಲ. ಆರು ವರ್ಷದ ಮಗುವಿನ ಟೊಂಕದಿಂದ ಎಷ್ಟು ಎಲುಬು ತೆಗೆಯಲು ಆದೀತು? ಎಪ್ಪತ್ತು ದಾಟಿದ ಅಜ್ಜಿಯ ಎಲುಬು ಟೊಳ್ಳಾಗಿದ್ದರೆ ತೆಗೆದರೂ ಏನು ಪ್ರಯೋಜನ?

ಆಗ ಇನ್ನೊಬ್ಬರ ಎಲುಬು ಬೇಕಾಗುತ್ತದೆ. ಬ್ಯಾಂಕಿನಿಂದ ಬರುವುದು ಇದೇ. ಇದರಲ್ಲಿ ಸಾಮಾನ್ಯವಾಗಿ ಜೀವಂತ ಕೋಶ ಇರುವುದಿಲ್ಲ, ಅಂದರೆ ಬೀಜ ಇಲ್ಲ. ಹದ ಅಲ್ಪಸ್ವಲ್ಪ ಉಳಿದಿರುತ್ತದೆ. ಚಪ್ಪರ ಮಾತ್ರ ಗಟ್ಟಿ. ಜೀವಂತ ಕೋಶಗಳು ಇಲ್ಲದ್ದರಿಂದ ದೇಹ ಇದರ ಮೇಲೆ ಅಷ್ಟಾಗಿ ತಿರುಗಿ ಬೀಳುವುದಿಲ್ಲ. ಕಿಡ್ನಿ ಹಾಕಿಸಿಕೊಂಡವರು ಜೀವನವಿಡೀ ಔಷಧಿ ನುಂಗಬೇಕು. ಎಲುಬು ಹಾಕಿಸಿಕೊಂಡವರಿಗೆ ಆ ಔಷಧಿ ಬೇಕಿಲ್ಲ, ರಕ್ತದ ಗುಂಪು ಹೊಂದಲೇಬೇಕು ಎಂಬ ಕಟ್ಟುನಿಟ್ಟೂ ಇಲ್ಲ. ಒಂದು ಎಚ್ಚರಿಕೆ ಇದೆ: ಮುಂದೆ ಮಕ್ಕಳಾಗುವ ವಯಸ್ಸಿನ ನೆಗೆಟಿವ್ ಗುಂಪಿನ ಹೆಣ್ಣುಮಕ್ಕಳಿಗೆ, ತೊಳೆದು ಸಂಸ್ಕರಿಸದ ಪಾಸಿಟಿವ್ ಗುಂಪಿನವರ ಎಲುಬು ಹಾಕುವಾಗ ಯೋಚಿಸಬೇಕು. ಎಲುಬಿನಲ್ಲಿ ಉಳಿದ ರಕ್ತದಿಂದ ಮುಂದಿನ ಬಸಿರಿಗೆ ತೊಂದರೆ ಆಗುವ ಸಾಧ್ಯತೆ ಇದೆ.

ದನದ ಎಲುಬಿನಿಂದ ತಯಾರಿಸಿದ್ದೂ ಇದೆ, ಹಲ್ಲಿನ ಡಾಕ್ಟರುಗಳಲ್ಲಿ ಅದರ ಬಳಕೆ ಜಾಸ್ತಿ. ಕೃತಕ ಎಲುಬು ಎಂದು ಬರುವ ಬಿಳಿ ಹರಳುಗಳು ಕ್ಯಾಲ್ಸಿಯಂ ಮತ್ತು ರಂಜಕದಿಂದ ಮಾಡಿದ ಪದಾರ್ಥ. ಅವು ಬರೀ ಚಪ್ಪರ. ಸಣ್ಣ ಪೊಳ್ಳು ತುಂಬಲು ಸಾಕು, ದೊಡ್ಡದಕ್ಕೆ ಖರ್ಚು ಏರುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಬ್ಯಾಂಕಿನ ಎಲುಬು ಎಲ್ಲ ಕಡೆಗೂ ಹೊಂದುವುದಿಲ್ಲ. ಕೀವು ಇರುವ ಜಾಗಕ್ಕೆ ಅದನ್ನು ಹಾಕಿದರೆ ಸೋಂಕಿಗೆ ಮನೆ ಕಟ್ಟಿಕೊಟ್ಟಂತೆ. ಬಹಳ ದಿನ ಕೂಡದೆ ಉಳಿದ ಎಲುಬಿಗೆ ಜೀವಂತ ಕೋಶಗಳೇ ಬೇಕಾಗುತ್ತವೆ, ಆಗ ಸ್ವಂತ ಎಲುಬೇ ಮೇಲು. ಹಾಗಾಗಿ "ಟೊಂಕದಿಂದ ತೆಗೆಯುತ್ತೇವೆ" ಎಂದು ಡಾಕ್ಟರು ಹೇಳಿದರೆ ಅದು ತಪ್ಪು ಸಲಹೆ ಎಂದುಕೊಳ್ಳಬೇಡಿ. ಬ್ಯಾಂಕಿನ ಎಲುಬಿನ ನಿಜವಾದ ಉಪಯೋಗ ದೊಡ್ಡ ಪೊಳ್ಳು ತುಂಬುವಾಗ, ಮಕ್ಕಳ ಗಡ್ಡೆ ತೆಗೆದಾಗ, ಡೊಂಕು ಬೆನ್ನು ನೇರ ಮಾಡುವಾಗ, ಟೊಂಕದ ಕೀಲು ಎರಡನೇ ಸಲ ಬದಲಾಯಿಸುವಾಗ. ಸ್ವಂತ ಎಲುಬು ಸಾಲದಿದ್ದಾಗ ಅದರ ಜೊತೆ ಬೆರೆಸಿ ಹಾಕುವುದೂ ಉಂಟು.

ಇದು ಹೊಸ ವಿದ್ಯೆ ಅಲ್ಲ

1880ರ ಸುಮಾರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮೆಕೀವನ್ ಎಂಬ ಸರ್ಜನ್ ಒಬ್ಬ ಪುಟ್ಟ ಹುಡುಗನಿಗೆ ಚಿಕಿತ್ಸೆ ಮಾಡಿದರು. ಸೋಂಕಿನಿಂದ ಅವನ ತೋಳಿನ ಎಲುಬು ಕೊಳೆತುಹೋಗಿತ್ತು. ಬೇರೆ ಮಕ್ಕಳ ಡೊಂಕು ಕಾಲು ನೇರ ಮಾಡುವಾಗ ಕೊಯ್ದು ತೆಗೆದ ಎಲುಬಿನ ಚೂರುಗಳನ್ನು ಅವರು ಆ ಹುಡುಗನ ತೋಳಿಗೆ ಕೂಡಿಸಿದರು. ತೋಳು ಉಳಿಯಿತು. ಬ್ಯಾಂಕಿನ ಮೂಲ ಯೋಚನೆ ಅಲ್ಲೇ ಇದೆ: ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕು.

ಎಲುಬನ್ನು ಸಂಗ್ರಹಿಸಿ ಇಡುವ ಕೆಲಸಕ್ಕೆ ದೊಡ್ಡ ರೂಪ ಬಂದದ್ದು 1949ರಲ್ಲಿ, ಅಮೆರಿಕದ ನೌಕಾಪಡೆಯ ಟಿಶ್ಯೂ ಬ್ಯಾಂಕ್ (ಎಲುಬು, ಚರ್ಮದಂಥ ದೇಹದ ಭಾಗಗಳನ್ನು ಇಡುವ ಬ್ಯಾಂಕ್) ಶುರುವಾದಾಗ. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಅವರು ಕ್ಯಾಲ್ಸಿಯಂ ತೆಗೆದ ಎಲುಬನ್ನು ಮಾಂಸದ ನಡುವೆ ಇಟ್ಟರೂ ಅಲ್ಲಿ ಹೊಸ ಎಲುಬು ಹುಟ್ಟುತ್ತದೆ ಎಂದು ತೋರಿಸಿದರು. ಎಲುಬಿನೊಳಗೇ ಎಬ್ಬಿಸುವ ಪ್ರೋಟೀನು ಇದೆ ಎಂಬುದು ಆಗ ತಿಳಿಯಿತು. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಇದೆ. ಎಲುಬನ್ನು ಗಾಮಾ ಕಿರಣದಿಂದ ಶುದ್ಧ ಮಾಡಿ ಕೊಡುವ ಕೆಲಸದಲ್ಲಿ ಅದು ದಾರಿ ತೋರಿಸಿತು. ದೆಹಲಿಯ ಏಮ್ಸ್, ವೆಲ್ಲೂರಿನ ಸಿ.ಎಂ.ಸಿ.ಯಂಥ ಕಡೆಗಳಲ್ಲೂ ಎಲುಬಿನ ಬ್ಯಾಂಕ್ ಬಂತು.

ಒಂದು ತುಂಡು ಎಲುಬಿನ ದಾರಿ

ಬ್ಯಾಂಕಿಗೆ ಎಲುಬು ಎಲ್ಲಿಂದ ಬರುತ್ತದೆ ಎಂದರೆ ಜನ ಮೊದಲು ಸತ್ತವರನ್ನು ನೆನೆಸಿಕೊಳ್ಳುತ್ತಾರೆ. ಅವರಿಂದಲೂ ಬರುತ್ತದೆ. ಆದರೆ ಸುಲಭವಾಗಿ ಸಿಗುವುದು ಬದುಕಿರುವವರಿಂದಲೇ.

ಬಚ್ಚಲಲ್ಲಿ ಜಾರಿ ಬಿದ್ದ ಹಿರಿಯರ ಟೊಂಕ ಮುರಿಯಿತು ಎನ್ನುತ್ತೇವಲ್ಲ, ಎಷ್ಟೋ ಸಲ ನಿಜವಾಗಿ ಮುರಿದಿರುವುದು ತೊಡೆ ಎಲುಬಿನ ಕುತ್ತಿಗೆ. ಅದರ ಮೇಲೆ ಒಂದು ಗುಂಡು ಇರುತ್ತದೆ, ಟೊಂಕದ ಗುಳಿಯಲ್ಲಿ ತಿರುಗುವ ಗುಂಡು. ವಯಸ್ಸಾದವರಲ್ಲಿ ಆ ಗುಂಡನ್ನು ತೆಗೆದು ಲೋಹದ ಗುಂಡು ಹಾಕುತ್ತಾರೆ. ಕೀಲು ಸವೆದು ಪೂರ್ತಿ ಟೊಂಕದ ಕೀಲು ಬದಲಾಯಿಸುವವರಲ್ಲೂ ಹಾಗೆಯೇ.

ಸರ್ಜನ್ ತಿರುಪಿನಂಥ ಸಲಕರಣೆಯನ್ನು ಆ ಗುಂಡಿನೊಳಗೆ ತಿರುಗಿಸಿ ಹೊರಗೆಳೆದು ಟ್ರೇಯಲ್ಲಿ ಇಡುತ್ತಾರೆ. ನಾಲ್ಕೈದು ಸೆಂಟಿಮೀಟರ್ ಅಗಲ. ಮೇಲೆ ನುಣುಪಾದ ಬಿಳಿ ಪದರ, ಕೊಯ್ದ ಕಡೆ ಕೆಂಪು-ಹಳದಿ ಮಿಶ್ರಿತ ಸಣ್ಣ ರಂಧ್ರಗಳ ಜಾಲ. ಲೋಹದ ಗುಂಡು ಯಾವ ಸೈಜಿನದು ಬೇಕೆಂದು ತಿಳಿಯಲು ಅದನ್ನು ಅಳೆಯುತ್ತಾರೆ. ಅಳೆದ ಮೇಲೆ ಅದರ ಕೆಲಸ ಮುಗಿಯಿತು. ಬ್ಯಾಂಕ್ ಏರ್ಪಾಡು ಇಲ್ಲದಿದ್ದರೆ ಅದು ಹಳದಿ ಚೀಲಕ್ಕೆ ಬೀಳುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ದೇಹದಿಂದ ತೆಗೆದ ಭಾಗಗಳು ಹಳದಿ ಚೀಲಕ್ಕೇ ಹೋಗಬೇಕು, ಅಲ್ಲಿಂದ ಸುಡುವ ಘಟಕಕ್ಕೆ. ಥಿಯೇಟರಿನವರು ತಪ್ಪು ಮಾಡುತ್ತಿಲ್ಲ, ನಿಯಮವನ್ನೇ ಪಾಲಿಸುತ್ತಿದ್ದಾರೆ. ಆದರೂ ಆ ಗುಂಡಿನ ಒಳಗೆ ಇರುವುದು ಮೊಣಕಾಲ ಪೊಳ್ಳು ತುಂಬಲು ಬೇಕಾದಂಥದ್ದೇ ಎಲುಬು. ನೋಡಿದರೆ ಜೀವ ಮರುಗುತ್ತದೆ.

ಏರ್ಪಾಡು ಇದ್ದರೆ ಅದೇ ಗುಂಡು ಬೇರೆ ದಾರಿ ಹಿಡಿಯುತ್ತದೆ. ಆಪರೇಷನ್‌ಗೆ ಮೊದಲೇ ರೋಗಿಯ ಒಪ್ಪಿಗೆ ಬರೆಸಿಕೊಂಡಿರುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗೆ ರಕ್ತ ತೆಗೆದಿರುತ್ತಾರೆ. ಕ್ಯಾನ್ಸರ್ ಇದ್ದವರು, ಟಿಬಿ ಇದ್ದವರು, ಮೈಯಲ್ಲಿ ಬೇರೆ ಸೋಂಕು ಇದ್ದವರು, ಬಹಳ ದಿನ ಸ್ಟೆರಾಯ್ಡ್ ತೆಗೆದುಕೊಂಡವರು ಇಂಥವರನ್ನು ಮೊದಲೇ ಬಿಡುತ್ತಾರೆ. ಗುಂಡು ಹೊರಬಂದ ಕೂಡಲೇ ಅದರ ಮೇಲಿಂದ ಕಲ್ಚರ್ ಟೆಸ್ಟಿಗೆ, ಅಂದರೆ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ, ಮಾದರಿ ತೆಗೆಯುತ್ತಾರೆ. ಸ್ಟೆರೈಲ್ ಹೊದಿಕೆಯಲ್ಲಿ ಪದರ ಪದರವಾಗಿ ಸುತ್ತಿ, ನಂಬರಿನ ಲೇಬಲ್ ಹಚ್ಚಿ ಫ್ರೀಜರ್‌ಗೆ ಕಳಿಸುತ್ತಾರೆ. ಮೈನಸ್ 20 ಡಿಗ್ರಿಯಲ್ಲಿ ಸುಮಾರು 6 ತಿಂಗಳು, ಮೈನಸ್ 70ರಿಂದ 80 ಡಿಗ್ರಿಯಲ್ಲಿ 5 ವರ್ಷದ ತನಕ ಇಡಬಹುದು.

ಆದರೆ ಅದು ತಕ್ಷಣ ಬಳಕೆಗೆ ಬರುವುದಿಲ್ಲ. ಸೋಂಕು ತಗಲಿದ ಹೊಸದರಲ್ಲಿ ರಕ್ತ ಪರೀಕ್ಷೆಯಲ್ಲಿ ಅದು ಕಾಣದೆ ಹೋಗಬಹುದು. ಅದಕ್ಕೆ ದಾನಿಯನ್ನು 6 ತಿಂಗಳ ಮೇಲೆ ಮತ್ತೆ ಕರೆದು ರಕ್ತ ಪರೀಕ್ಷೆ ಮಾಡುವ ಪದ್ಧತಿ ಇದೆ. ವೈರಸ್‌ನ ಅಂಶವನ್ನೇ ನೇರವಾಗಿ ಹುಡುಕುವ ನ್ಯಾಟ್ ಪರೀಕ್ಷೆ ಇರುವ ಕಡೆ ಈ ಕಾಯುವಿಕೆ ಕಡಿಮೆಯಾಗಿದೆ. ಪರೀಕ್ಷೆಗಳೆಲ್ಲ ಮುಗಿಯುವ ತನಕ ಎಲುಬು ಫ್ರೀಜರ್‌ನ ಬೇರೆ ಖಾನೆಯಲ್ಲಿ ಇರುತ್ತದೆ.

ಇನ್ನೊಂದು ರೀತಿ ಇದೆ. ಗುಂಡನ್ನು ಸಣ್ಣ ತುಂಡುಗಳಾಗಿ ಕೊಯ್ದು, ನೀರಿನ ರಭಸದಲ್ಲಿ ರಕ್ತ, ಕೊಬ್ಬು, ಮಜ್ಜೆ ಎಲ್ಲ ಹೋಗುವಂತೆ ತೊಳೆದು, ಆಲ್ಕೋಹಾಲ್‌ನಂಥ ದ್ರಾವಣಗಳಲ್ಲಿ ನೆನೆಸುತ್ತಾರೆ. ಆಮೇಲೆ ಹೆಪ್ಪುಗಟ್ಟಿಸಿ ನೀರಿನಂಶ ಪೂರ್ತಿ ಎಳೆದು ಒಣಗಿಸುತ್ತಾರೆ. ಪ್ಯಾಕ್ ಮಾಡಿ 25 ಕಿಲೋಗ್ರೇ ಪ್ರಮಾಣದ ಗಾಮಾ ಕಿರಣ ಹಾಯಿಸುತ್ತಾರೆ. ಹೀಗೆ ತಯಾರಾದ ಎಲುಬು ಹಗುರ, ಒಣ, ಬಿಳಿ. ಫ್ರೀಜರ್ ಬೇಕಿಲ್ಲ, ತಂಪಾದ ಕೋಣೆಯ ಕಪಾಟಿನಲ್ಲಿ ಇಟ್ಟರೆ ಸಾಕು. ಹಾಕುವ ಮೊದಲು ಸಲೈನ್‌ನಲ್ಲಿ ನೆನೆಸಬೇಕು. ಒಣಗಿಸಿದ್ದರಿಂದ ಮತ್ತು ಕಿರಣದಿಂದ ಅದರ ಗಟ್ಟಿತನ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಪೊಳ್ಳು ತುಂಬಲು ಇದು ಒಳ್ಳೆಯದು, ಮೈ ಭಾರ ನೇರವಾಗಿ ಹೊರುವ ಕಡೆ ಹೆಪ್ಪುಗಟ್ಟಿಸಿದ ಎಲುಬು ಮೇಲು.

ಸೋಂಕಿನ ಭಯ ಎಷ್ಟು ನಿಜ

ಭಯಕ್ಕೆ ಆಧಾರ ಇದೆ, ಅದನ್ನು ಮುಚ್ಚಿಡಬಾರದು. 1988ರಲ್ಲಿ ಅಮೆರಿಕದಲ್ಲಿ ಬೆನ್ನಿನ ಆಪರೇಷನ್‌ನಲ್ಲಿ ಹಾಕಿದ ಎಲುಬಿನಿಂದ ಒಬ್ಬ ಮಹಿಳೆಗೆ ಎಚ್‌ಐವಿ ಬಂದದ್ದು ವರದಿಯಾಯಿತು. ದಾನಿಯಿಂದ ಎಲುಬು ತೆಗೆದದ್ದು ಎಚ್‌ಐವಿ ಪರೀಕ್ಷೆ ಬಳಕೆಗೆ ಬರುವ ಮುಂಚೆ. ಆ ಮೇಲೆ ಎಲ್ಲ ಕಡೆ ನಿಯಮ ಬಿಗಿಯಾದವು.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಪಾಠ 2021ರದು. ಅಮೆರಿಕದಲ್ಲೇ ಒಬ್ಬ ದಾನಿಯ ಎಲುಬಿನಿಂದ ತಯಾರಿಸಿದ ಗ್ರಾಫ್ಟ್ 100ಕ್ಕೂ ಹೆಚ್ಚು ರೋಗಿಗಳಿಗೆ ಹೋಯಿತು. ಅದರಲ್ಲಿ ಟಿಬಿ ರೋಗಾಣು ಇತ್ತು. ಬಹಳ ಜನರಿಗೆ ಟಿಬಿ ಬಂತು, ಕೆಲವರು ತೀರಿಕೊಂಡರು. 2023ರಲ್ಲಿ ಅಂಥದ್ದೇ ಇನ್ನೊಂದು ಘಟನೆ ನಡೆಯಿತು. ಅವು ಜೀವಂತ ಕೋಶಗಳನ್ನು ಉಳಿಸಿಕೊಂಡು ತಯಾರಿಸಿದ ಗ್ರಾಫ್ಟ್‌ಗಳು. ಕೋಶ ಉಳಿಯಬೇಕಾದರೆ ಗಾಮಾ ಕಿರಣ ಹಾಯಿಸಲು ಬರುವುದಿಲ್ಲ. ಟಿಬಿ ಇಷ್ಟು ಹಬ್ಬಿರುವ ನಮ್ಮ ದೇಶದಲ್ಲಿ ಎಲುಬು ತೆಗೆಯುವ ಮೊದಲು "ಹಿಂದೆ ಯಾವಾಗಾದರೂ ಟಿಬಿ ಗುಳಿಗೆ ತೆಗೆದುಕೊಂಡಿದ್ದೀರಾ, ಮನೆಯಲ್ಲಿ ಯಾರಿಗಾದರೂ ಆಗಿತ್ತಾ" ಎಂದು ಕೇಳಿಯೇ ಮುಂದುವರಿಯಬೇಕು. ಅನುಮಾನ ಬಂದರೆ ಆ ಎಲುಬು ಬೇಡ. ಟಿಬಿ ಕಲ್ಚರ್ ಫಲಿತಾಂಶಕ್ಕೆ 6ರಿಂದ 8 ವಾರ ಬೇಕು, ಕಾಯಬೇಕು.

ಗಾಮಾ ಕಿರಣ ಇದೆಯಲ್ಲ ಎಂದು ತಪಾಸಣೆ ಬಿಡುವ ಹಾಗಿಲ್ಲ. 25 ಕಿಲೋಗ್ರೇಗೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಕೆಲವು ವೈರಸ್‌ಗಳಿಗೆ ಅಷ್ಟು ಸಾಲದು. ಮೊದಲ ಕಾವಲು ದಾನಿಯನ್ನು ಸರಿಯಾಗಿ ಆರಿಸುವುದೇ.

ಕಾನೂನು ಏನು ಹೇಳುತ್ತದೆ

ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. ಮೊದಲು ಅದು ಕಿಡ್ನಿ, ಲಿವರ್, ಹೃದಯದಂಥ ಅಂಗಗಳ ಬಗ್ಗೆ ಇತ್ತು. 2011ರ ತಿದ್ದುಪಡಿಯಲ್ಲಿ ಎಲುಬು, ಚರ್ಮ, ಹೃದಯದ ಕವಾಟದಂಥ ಟಿಶ್ಯೂಗಳನ್ನೂ ಸೇರಿಸಿದರು. 2014ರಲ್ಲಿ ನಿಯಮಗಳು ಬಂದವು. ಇದರಂತೆ ಟಿಶ್ಯೂ ಬ್ಯಾಂಕ್ ನೋಂದಣಿ ಆಗಿರಲೇಬೇಕು. ಎಲುಬನ್ನು ಮಾರುವುದು, ಕೊಳ್ಳುವುದು ಅಪರಾಧ, ಜೈಲು ಮತ್ತು ದಂಡ ಎರಡೂ ಇವೆ. ಪರೀಕ್ಷೆ, ಸಂಸ್ಕರಣೆ, ಸಾಗಾಟದ ಖರ್ಚನ್ನು ಬ್ಯಾಂಕ್ ತೆಗೆದುಕೊಳ್ಳಬಹುದು. ದೇಶದ ಮಟ್ಟದಲ್ಲಿ ನೋಟ್ಟೋ ಎಂಬ ಸಂಸ್ಥೆ, ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಅಂಗದಾನದ ಕೆಲಸ ನೋಡಿಕೊಳ್ಳುತ್ತವೆ.

ಅಂದರೆ ಥಿಯೇಟರಿನ ಪಕ್ಕದ ಫ್ರಿಜ್ಜಿನಲ್ಲಿ ಎರಡು ಗುಂಡು ಇಟ್ಟುಕೊಂಡು ಬೇಕಾದಾಗ ಹಾಕುವುದು ಬ್ಯಾಂಕ್ ಆಗುವುದಿಲ್ಲ. ಅದು ಅಪಾಯ, ಕಾನೂನಿಗೂ ವಿರುದ್ಧ.

ಎಲುಬು-ಕೀಲು ವಿಭಾಗದವರಿಗೆ ಗೊತ್ತಿರಬೇಕಾದದ್ದು

ಓದುವಾಗ ಪ್ರತಿಯೊಬ್ಬ ಆರ್ಥೋಪೆಡಿಕ್ ಪಿಜಿ ವಿದ್ಯಾರ್ಥಿಯೂ ಗ್ರಾಫ್ಟ್ ಬಗ್ಗೆ ಓದುತ್ತಾನೆ. ಪರೀಕ್ಷೆಯಲ್ಲಿ ಬರೆಯುತ್ತಾನೆ. ಬ್ಯಾಂಕ್ ಇಲ್ಲದ ದವಾಖಾನೆಯಲ್ಲಿ ತರಬೇತಿ ಆದವನು ಬ್ಯಾಂಕಿನ ಪ್ಯಾಕೆಟ್ಟನ್ನು ಕೈಯಿಂದ ಬಿಚ್ಚದೆಯೇ ಡಾಕ್ಟರಾಗಿ ಹೊರಬರಬಹುದು. ಓದಿದ್ದು ಬೇರೆ, ನಾಳೆ ಬೆಳಿಗ್ಗೆಯ ಕೇಸಿಗೆ ಎಲುಬು ತರಿಸುವುದು ಬೇರೆ. ನಡುವಿನ ಅಂತರ ಇರುವುದು ಬಹಳ ಸಣ್ಣ ಸಣ್ಣ ವಿಷಯಗಳಲ್ಲಿ.

ನೋಂದಾಯಿತ ಬ್ಯಾಂಕ್ ಹತ್ತಿರದಲ್ಲಿ ಎಲ್ಲಿದೆ, ಯಾವ ಫಾರಂ ತುಂಬಬೇಕು, ಎಷ್ಟು ದಿನ ಮೊದಲು ಕೇಳಬೇಕು? ಯಾವ ಕೇಸಿಗೆ ಚೂರು, ಯಾವುದಕ್ಕೆ ಇಡೀ ಗುಂಡು, ಯಾವುದಕ್ಕೆ ಉದ್ದನೆಯ ತುಂಡು? ಹೆಪ್ಪುಗಟ್ಟಿದ ಎಲುಬು ಬಂದಾಗ ಹೊದಿಕೆ ಹರಿದಿದೆಯೇ, ಲೇಬಲ್ ನಂಬರ್ ಕಾಗದದ ಜೊತೆ ಹೊಂದುತ್ತದೆಯೇ ಎಂದು ನೋಡಬೇಕು. ಬೆಚ್ಚಗಿನ ಸಲೈನ್‌ನಲ್ಲಿ ಕರಗಿಸಬೇಕು. ಹಾಕುವ ಮೊದಲು ಇನ್ನೊಮ್ಮೆ ಕಲ್ಚರ್‌ಗೆ ಮಾದರಿ ಕಳಿಸಬೇಕು. ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬಾರದು. ಲೇಬಲ್‌ನ ಒಂದು ಪ್ರತಿ ರೋಗಿಯ ಕೇಸ್ ಶೀಟಿಗೆ ಅಂಟಿಸಬೇಕು, ಇನ್ನೊಂದು ಬ್ಯಾಂಕಿಗೆ ವಾಪಸ್ ಹೋಗಬೇಕು. ಐದು ವರ್ಷದ ನಂತರ ಏನಾದರೂ ತೊಂದರೆ ಕಂಡರೆ ಆ ದಾನಿಯ ಎಲುಬು ಯಾರ್ಯಾರಿಗೆ ಹೋಗಿದೆ ಎಂದು ಹುಡುಕಲು ಇರುವ ದಾರಿ ಆ ಚೀಟಿ ಒಂದೇ. ಈ ಕೆಲಸಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಡುವವರು ಥಿಯೇಟರ್ ನರ್ಸ್ ಮತ್ತು ಟೆಕ್ನೀಷಿಯನ್‌ಗಳು. ಸರ್ಜನ್‌ಗೆ ಮಾತ್ರ ತರಬೇತಿ ಕೊಟ್ಟರೆ ಏನೂ ಸಾಗುವುದಿಲ್ಲ.

ಕೊಡುವ ಕಡೆಯೂ ಅಷ್ಟೇ. ಟೊಂಕದ ಆಪರೇಷನ್‌ಗೆ ರೋಗಿ ಸಹಿ ಹಾಕುವಾಗ ಎಲುಬು ದಾನದ ಒಪ್ಪಿಗೆಯನ್ನು ಬೇರೆಯಾಗಿ ಕೇಳಬೇಕು. ಆಪರೇಷನ್ ಒಪ್ಪಿಗೆಯಲ್ಲೇ ಅದು ಸೇರಿಹೋಗುವುದಿಲ್ಲ. ಕೇಳುವವರಿಗೆ ವಿಷಯ ಗೊತ್ತಿರಬೇಕು. "ನಿಮ್ಮಿಂದ ಬೇರೆ ಏನೂ ತೆಗೆಯುವುದಿಲ್ಲ, ಹೇಗೂ ತೆಗೆಯುವ ಗುಂಡನ್ನೇ ಇಟ್ಟುಕೊಳ್ಳುತ್ತೇವೆ, ನಿಮಗೆ ಖರ್ಚಿಲ್ಲ" ಎಂಬ ಮೂರು ಮಾತನ್ನು ಅವರದೇ ಭಾಷೆಯಲ್ಲಿ ಹೇಳಿದರೆ ಒಪ್ಪುವವರು ಸಿಗುತ್ತಾರೆ.

ನಮ್ಮ ಮೂರು ಜಿಲ್ಲೆಗೆ ಯಾವುದು ಹೊಂದುತ್ತದೆ

ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐಸಿ, ಎಂ.ಆರ್. ಮೆಡಿಕಲ್ ಕಾಲೇಜು, ಖಾಜಾ ಬಂದೇನವಾಜ್ ಮೆಡಿಕಲ್ ಕಾಲೇಜು ಇವೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಮೆಡಿಕಲ್ ಕಾಲೇಜುಗಳಿವೆ. ಹುಮನಾಬಾದ್ ಮೇಲೆ ಹಾಯುವ ಪುಣೆ-ಹೈದರಾಬಾದ್ ಹೆದ್ದಾರಿ, ಕಬ್ಬಿನ ಟ್ರ್ಯಾಕ್ಟರು, ಸೇಡಂ ಕಡೆಯ ಸಿಮೆಂಟ್ ಲಾರಿ, ಶಹಾಬಾದಿನ ಕಲ್ಲುಗಣಿ: ಎಲುಬು ಮುರಿಯುವುದಕ್ಕೆ ನಮ್ಮಲ್ಲಿ ಕಾರಣಗಳಿಗೆ ಬರವಿಲ್ಲ. ಮನೆಯವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುವುದನ್ನೂ ನೋಡಿದ್ದೇವೆ.

ಎಲ್ಲ ದವಾಖಾನೆಗೂ ಒಂದೊಂದು ಬ್ಯಾಂಕ್ ಬೇಕೇ? ಬೇಕಿಲ್ಲ. ಮೈನಸ್ 80 ಡಿಗ್ರಿಯ ಫ್ರೀಜರ್ ಕೊಳ್ಳುವುದು ಸುಲಭ, ನಡೆಸುವುದು ಕಷ್ಟ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಲ್ಲಿ ಕರೆಂಟ್ ಹೋದರೆ ಜನರೇಟರ್ ತಕ್ಷಣ ಶುರುವಾಗಬೇಕು. ಶಾಖ ಏರಿದರೆ ಅಲಾರಂ ಹೊಡೆಯಬೇಕು, ನಡುರಾತ್ರಿಯಲ್ಲೂ ಯಾರಾದರೂ ಬರಬೇಕು. ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡಬೇಕು. ಇಷ್ಟು ಶಿಸ್ತು ಒಂದು ಕೇಂದ್ರದಲ್ಲಿ ಇದ್ದರೆ ಸಾಕು, ಉಳಿದ ದವಾಖಾನೆಗಳು ಅಲ್ಲಿಗೆ ಗುಂಡು ಕಳಿಸಿ, ಅಲ್ಲಿಂದ ಎಲುಬು ತರಿಸಿಕೊಳ್ಳಬಹುದು. ಸುರಪುರ, ಔರಾದ್, ಆಳಂದದಂಥ ತಾಲೂಕುಗಳ ರೋಗಿಗಳನ್ನು ನೋಡುವ ಜಿಲ್ಲಾ ದವಾಖಾನೆಗಳಿಗೆ ನನ್ನ ಲೆಕ್ಕದಲ್ಲಿ ಹೆಚ್ಚು ಹೊಂದುವುದು ಒಣಗಿಸಿ ಗಾಮಾ ಕಿರಣ ಹಾಯಿಸಿದ ಎಲುಬೇ. ಎಸಿ ಇರುವ ಕೋಣೆಯಲ್ಲಿ ಬೀಗ ಹಾಕುವ ಒಂದು ಕಪಾಟು, ಒಂದು ರಿಜಿಸ್ಟರ್, ಅದನ್ನು ನೋಡಿಕೊಳ್ಳುವ ಒಬ್ಬರು ಇದ್ದರೆ ಕೆಲಸ ಶುರುವಾಗುತ್ತದೆ.

ಸತ್ತವರ ಎಲುಬು, ಮನೆಯವರ ಪ್ರಶ್ನೆಗಳು

ಎಲುಬು ದಾನಕ್ಕೆ ಮಿದುಳು ಸತ್ತ ಸ್ಥಿತಿಯೇ ಬೇಕೆಂದಿಲ್ಲ. ಹೃದಯ ನಿಂತ ಮೇಲೂ ತೆಗೆಯಬಹುದು, ಶವವನ್ನು ತಂಪಿನಲ್ಲಿ ಇಟ್ಟಿದ್ದರೆ ಸುಮಾರು 24 ತಾಸಿನೊಳಗೆ. "ದೇಹ ವಿಕಾರ ಆಗುತ್ತದೆಯೇ" ಎಂಬುದೇ ಎಲ್ಲರೂ ಕೇಳುವ ಮಾತು. ಎಲುಬು ತೆಗೆದ ಜಾಗದಲ್ಲಿ ಕಟ್ಟಿಗೆ ಅಥವಾ ಪ್ಲಾಸ್ಟಿಕ್ ಕೊಳವೆ ಇಟ್ಟು, ಕೈಕಾಲಿನ ಆಕಾರ ಮೊದಲಿನಂತೆ ಮಾಡಿ ಹೊಲಿಯುತ್ತಾರೆ. ಮುಖವನ್ನು ಮುಟ್ಟುವುದಿಲ್ಲ. ಮಣ್ಣು ಮಾಡುವವರಿಗೂ, ದಫನ್ ಮಾಡುವವರಿಗೂ, ಸುಡುವವರಿಗೂ ಅಂತ್ಯಕ್ರಿಯೆ ಮಾಡಲು ಅಡ್ಡಿ ಇಲ್ಲ.

ಹಾಗಿದ್ದರೂ ನಮ್ಮಲ್ಲಿ ಶುರು ಮಾಡಲು ಸುಲಭದ ದಾರಿ ಟೊಂಕದ ಗುಂಡಿನದೇ. ಅದರಲ್ಲಿ ಕಷ್ಟ ಬರುವುದು ಒಂದು ಕಡೆ. 6 ತಿಂಗಳ ಮೇಲೆ ದಾನಿ ರಕ್ತ ಪರೀಕ್ಷೆಗೆ ವಾಪಸ್ ಬರಬೇಕು. ಚಿಂಚೋಳಿಯ ಹಳ್ಳಿಯಿಂದ ಬಂದ ಅಜ್ಜ ಅಷ್ಟರಲ್ಲಿ ಆರಾಮಾಗಿ ಹೊಲಕ್ಕೆ ಹೋಗುತ್ತಿರುತ್ತಾನೆ. ಬರೀ ಒಂದು ಸೂಜಿ ಚುಚ್ಚಿಸಿಕೊಳ್ಳಲು ಬಸ್ ಹತ್ತಿ ಯಾಕೆ ಬರಬೇಕು? ಬಾರದಿದ್ದರೆ, ನ್ಯಾಟ್ ಪರೀಕ್ಷೆಯೂ ಆಗಿರದಿದ್ದರೆ, ಆ ಎಲುಬನ್ನು ಬಳಸುವ ಹಾಗಿಲ್ಲ. ಅದಕ್ಕೆ ಒಪ್ಪಿಗೆ ಪತ್ರದಲ್ಲಿ ಮಗನದೋ ಮಗಳದೋ ಎರಡನೇ ಫೋನ್ ನಂಬರ್ ಬರೆಸಿಕೊಳ್ಳಬೇಕು. ಕಾಲು ತೋರಿಸಲು ಬರುವ ತಪಾಸಣೆಯ ದಿನವನ್ನೂ ರಕ್ತ ಪರೀಕ್ಷೆಯ ದಿನವನ್ನೂ ಒಂದೇ ಮಾಡಬೇಕು. ಆಗದಿದ್ದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರಕ್ತ ತೆಗೆದು ಕಳಿಸುವ ಏರ್ಪಾಡು ಮಾಡಬಹುದು. ನಿಮ್ಮ ಮನೆಯ ಹಿರಿಯರ ಟೊಂಕದ ಆಪರೇಷನ್ ನಿಗದಿಯಾಗಿದ್ದರೆ, ಸಹಿ ಹಾಕುವ ಮೊದಲು ತೆಗೆದ ಗುಂಡನ್ನು ದಾನ ಮಾಡಲು ಇಲ್ಲಿ ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಬರುತ್ತದೆ ಎಂದರೆ 6 ತಿಂಗಳ ಮೇಲಿನ ಆ ದಿನಾಂಕವನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ.